ನಾಲಿಗೆಗೆ ಕರೆಂಟ್ ಚಿಕಿತ್ಸೆ: ಹೂಂ ಅನ್ನುವ ಮೊದಲು ನಾವು ಮಾಡಿಸಿದ ತಪಾಸಣೆಗಳು

ಅಪ್ಪನಿಗೆ ಲಕ್ವಾ ಹೊಡೆದದ್ದು ಬಿಳಿಜೋಳದ ಸುಗ್ಗಿ ನಡೆದಿದ್ದಾಗ. ಬೆಳಗ್ಗೆ ಏಳುವಾಗಲೇ ಬಲಗೈ, ಬಲಗಾಲು ಬಿದ್ದಿದ್ದವು. ಬಾಯಿ ಎಡಕ್ಕೆ ಎಳೆದಿತ್ತು. ಬೈಲಹೊಂಗಲದಿಂದ ಬೆಳಗಾವಿಗೆ ಒಯ್ದು ಸಿಟಿ ಸ್ಕ್ಯಾನ್ ಮಾಡಿಸಿದೆವು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವ ನಾಳದಲ್ಲಿ ಹೆಪ್ಪು ಅಂದರು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಶುರುವಾದ 4.5 ತಾಸಿನೊಳಗೆ ಕೊಡಬೇಕು. ಅಪ್ಪನಿಗೆ ರಾತ್ರಿ ಯಾವ ಹೊತ್ತಿಗೆ ಶುರುವಾಯಿತೋ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಕೊಡಲು ಆಗಲಿಲ್ಲ. ಐಸಿಯು, ವಾರ್ಡು ಎಲ್ಲ ಮುಗಿದು ಮನೆಗೆ ಬಂದಾಗ ಮೂಗಿನಲ್ಲಿ ಊಟ ಕೊಡುವ ನಳಿಗೆ (ರೈಲ್ಸ್ ಟ್ಯೂಬ್) ಇತ್ತು. ಬಾಯಲ್ಲಿ ಉಳಿದಿದ್ದದ್ದು 'ಹೂಂ', 'ಬ್ಯಾಡ' ಎರಡೇ ಮಾತು.

ಆಯುಷ್ಮಾನ್ ಕಾರ್ಡಿನಿಂದ ಆಸ್ಪತ್ರೆಯೊಳಗಿನ ಖರ್ಚಿನ ಬಹುಪಾಲು ತೂಗಿತು. ಮನೆಗೆ ಬಂದ ಮೇಲಿನದ್ದೆಲ್ಲ ನಮ್ಮ ಕೈಯಿಂದಲೇ. ಫಿಸಿಯೋಥೆರಪಿ, ನಳಿಗೆ ಬದಲಾಯಿಸುವುದು, ಡೈಪರ್, ಪ್ರತಿ ಸಲ ಬೆಳಗಾವಿಗೆ ಕಾರು. ಲಕ್ವಾ ಆದವರ ಮನೆಯಲ್ಲಿ ರೊಕ್ಕ ಖಾಲಿಯಾಗುವುದು ಡಿಸ್ಚಾರ್ಜ್ ಆದ ಮೇಲೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾವು ಹೊಲದ ಫಸಲಿನ ದುಡ್ಡನ್ನು ಬೇರೆ ರೀತಿ ಹಿಡಿದಿಟ್ಟುಕೊಳ್ಳುತ್ತಿದ್ದೆವು.

ಯುಗಾದಿ ಆದಮೇಲೆ ಪುಣೆಯಲ್ಲಿರುವ ನಮ್ಮ ಸೋದರಮಾವನ ಮಗ ಒಂದು ವಿಡಿಯೋ ಕಳಿಸಿದ. ಬಿಳಿ ಬಣ್ಣದ ಸಣ್ಣ ಯಂತ್ರವೊಂದನ್ನು ಹೆಣ್ಣುಮಗಳೊಬ್ಬಳು ಕೊರಳಿಗೆ ಹಾಕಿಕೊಂಡಿದ್ದಳು. ಅದರ ಚಪ್ಪಟೆ ತುದಿಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನಡೆಯುವ ವ್ಯಾಯಾಮ ಮಾಡುತ್ತಿದ್ದಳು. ನಾಲಿಗೆಯ ಮೂಲಕ ಮೆದುಳಿಗೆ ಸಣ್ಣ ಕರೆಂಟ್ ಹೋಗುತ್ತದೆ, ಬಿದ್ದ ಕೈಕಾಲು ಏಳುತ್ತವೆ ಅಂತ ಕೆಳಗೆ ಬರೆದಿತ್ತು. ತಮ್ಮ ಅದನ್ನು ಮತ್ತೆ ಮತ್ತೆ ನೋಡಿದ. ಅವ್ವ ದೇವರ ಮುಂದೆ ದೀಪ ಹಚ್ಚಿ ಬಂದು, "ಅಂಥಾದ್ದು ನಮ್ಮ ಕಡೆ ಸಿಗತೈತೇನು ನೋಡ್ರಿ" ಅಂದಳು.

ಸಿಗುತ್ತದೆ ಅಂದವರು ಒಬ್ಬರು ಇದ್ದರು. ಪರಿಚಯದವರೊಬ್ಬರು ಹೇಳಿದ ಥೆರಪಿ ಸೆಂಟರಿಗೆ ಅಪ್ಪನನ್ನು ಬಿಟ್ಟು ನಾನು, ತಮ್ಮ ಇಬ್ಬರೇ ಹೋದೆವು. "ನಾಲಿಗಿಗೆ ಕರೆಂಟ್ ಕೊಟ್ರ ಹದಿನೈದು ದಿನದಾಗ ಮಾತು ಬರ್ತಾವ್ರಿ" ಅಂದರು ಸೆಂಟರಿನವರು. ಹತ್ತು ಸಿಟ್ಟಿಂಗಿಗೆ ಹನ್ನೆರಡು ಸಾವಿರ, ಅರ್ಧ ಮುಂಗಡ. ಯಂತ್ರ ತೋರಿಸಿ ಅಂದೆ. ಮೇಜಿನ ಮೇಲಿದ್ದದ್ದು ಮೊಣಕಾಲು ನೋವಿಗೆ, ಸೊಂಟ ನೋವಿಗೆ ಪಟ್ಟಿ ಅಂಟಿಸಿ ಕರೆಂಟ್ ಕೊಡುತ್ತಾರಲ್ಲ, ಆ ಸ್ನಾಯುವಿನ ಮಷಿನ್ನು. ವಿಡಿಯೋದಲ್ಲಿದ್ದದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇದನ್ನು ನಾಲಿಗೆಗೆ ಇಡಬಹುದು ಅಂತ ಕಂಪನಿಯ ಪುಸ್ತಕದಲ್ಲಿ ಬರೆದಿದೆಯಾ ಅಂತ ಕೇಳಿದೆ. "ಭಾಳ ಮಂದಿಗೆ ಮಾಡೇವಿ" ಅಂದರೇ ಹೊರತು ಪುಸ್ತಕ ತೋರಿಸಲಿಲ್ಲ. ನಾಳೆ ಬರುತ್ತೇವೆ ಅಂತ ಹೇಳಿ ಎದ್ದೆವು. ಮುಂಗಡ ಕೊಡಲಿಲ್ಲ.

ನಿಮಗೂ ಇಂಥ ಮಾತು ಬಂದರೆ ಮೊದಲು ಯಂತ್ರದ ಹೆಸರು ಕೇಳಿ, ಅದರ ಜೊತೆ ಬಂದ ಪುಸ್ತಕ ಕೇಳಿ. ಅಂಟಿಸುವ ಪಟ್ಟಿಯ ಯಂತ್ರಗಳನ್ನು ಮಾಡಿರುವುದು ಒಣ ಚರ್ಮಕ್ಕೆ. ಚರ್ಮ ಕರೆಂಟನ್ನು ತಡೆಯುತ್ತದೆ. ನಾಲಿಗೆ ಯಾವಾಗಲೂ ಒದ್ದೆ, ಅದರ ಮೇಲ್ಪದರ ತೆಳು, ಕರೆಂಟ್ ಸಲೀಸಾಗಿ ಒಳಗೆ ಹೋಗುತ್ತದೆ. ಮನೆಯಲ್ಲಿ ಬಳಸುವ ಇಂಥ ಯಂತ್ರಗಳ ಪುಸ್ತಕದಲ್ಲಿ ಕತ್ತಿನ ಮುಂಭಾಗಕ್ಕೆ ಪಟ್ಟಿ ಹಾಕಬಾರದು ಅನ್ನುವ ಎಚ್ಚರಿಕೆ ಇರುತ್ತದೆ. ಅಲ್ಲಿನ ಸ್ನಾಯು ಬಿಗಿದರೆ ಉಸಿರಿನ ದಾರಿ ಕಟ್ಟಬಹುದು, ಹೃದಯದ ಬಡಿತ, ಬಿಪಿ ಏರುಪೇರಾಗಬಹುದು. ಕತ್ತಿನ ಮೇಲೆ ಇಟ್ಟರೇ ಇಷ್ಟು ಭಯ ಇರುವಾಗ, ಮಾತಾಡಲು ಬಾರದವನ ಬಾಯೊಳಗೆ ಇಡುವುದನ್ನು ನೆನೆದು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಂತ ವಿಡಿಯೋದಲ್ಲಿದ್ದದ್ದು ಸುಳ್ಳೂ ಅಲ್ಲ. ಎಂಜಿನಿಯರಿಂಗ್ ಓದುವ ನಮ್ಮ ಅಕ್ಕನ ಮಗ ಕೂತು ಹುಡುಕಿ ಕೊಟ್ಟ. ಅದರ ಹೆಸರು ಪಾನ್ಸ್. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಂಶೋಧನೆ ಅದು. ಪಾಲ್ ಬಾಕ್-ಇ-ರಿಟಾ ಅನ್ನುವ ವೈದ್ಯರು ಕಣ್ಣು ಕಾಣದವರಿಗೆ ನಾಲಿಗೆಯ ಮೂಲಕ ಸುತ್ತಲಿನ ವಸ್ತುಗಳ ಸುಳಿವು ಕೊಡಬಹುದೇ ಅಂತ ಹೊರಟಿದ್ದರು, ಅಲ್ಲಿಂದ ಬೆಳೆದದ್ದು. ನಾಲಿಗೆಯಿಂದ ಎರಡು ನರಗಳು, ಅಂದರೆ ಐದನೆಯ ಮತ್ತು ಏಳನೆಯ ಕಪಾಲ ನರಗಳು, ನೇರ ಮೆದುಳಿನ ಕಾಂಡಕ್ಕೆ ಹೋಗುತ್ತವೆ. ಅಲ್ಲಿಗೆ ಕರೆಂಟಿನ ಹದವಾದ ಮಿಡಿತ ಕಳಿಸುತ್ತಾ ವ್ಯಾಯಾಮ ಮಾಡಿಸಿದರೆ ಮೆದುಳು ಹೊಸ ದಾರಿ ಕಲಿಯಬಹುದು ಅನ್ನುವುದು ಅವರ ಎಣಿಕೆ. 2021ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಯಂತ್ರಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದಕ್ಕೆ ಅನುಮತಿ ಕೊಟ್ಟಿತು. ಆದರೆ ಅದು ಲಕ್ವಾಕ್ಕೆ ಅಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದ ನಡಿಗೆ ಕೆಟ್ಟಿರುವ 22 ವರ್ಷ ಮೇಲ್ಪಟ್ಟವರಿಗೆ, ವೈದ್ಯರ ಚೀಟಿಯ ಮೇಲೆ, ಥೆರಪಿಸ್ಟ್ ಮುಂದೆ ನಿಂತು ಮಾಡಿಸುವ ವ್ಯಾಯಾಮದ ಜೊತೆಗೆ ಮಾತ್ರ. ಕೆನಡಾ 2023ರಲ್ಲಿ ಲಕ್ವಾದ ನಂತರದ ನಡಿಗೆಯ ತೊಂದರೆಗೂ ಒಪ್ಪಿತು, ಅದೂ ಸೌಮ್ಯ ಮತ್ತು ಮಧ್ಯಮ ಲಕ್ಷಣದವರಿಗೆ. ಮಾತು ಬರಿಸಲು ಅಂತ ಈ ಅನುಮತಿಗಳಲ್ಲಿ ಎಲ್ಲೂ ಇರಲಿಲ್ಲ. ಅಮೆರಿಕದಲ್ಲಿ ಬೆಲೆ ಆಗ ಇಪ್ಪತ್ತು ಸಾವಿರ ಡಾಲರ್ ದಾಟಿತ್ತು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ನ್ಯೂರಾಲಜಿಸ್ಟ್ ಹತ್ತಿರ ಹೋದೆವು. ಬೆಳಗ್ಗೆ ಚೀಟಿ ಮಾಡಿಸಿದರೂ ಪಾಳಿ ಬಂದದ್ದು ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ. ನಳಿಗೆ ಇರುವ ರೋಗಿಯನ್ನು ಕರೆದುಕೊಂಡು ಹೋಗುವವರು ಸೋಸಿದ ಗಂಜಿಯನ್ನು ಫ್ಲಾಸ್ಕಿನಲ್ಲಿ, ದೊಡ್ಡ ಸಿರಿಂಜು, ಕುದಿಸಿ ಆರಿಸಿದ ನೀರು, ಒಂದು ಟವೆಲ್ ಜೊತೆಗೆ ಇಟ್ಟುಕೊಳ್ಳಲೇಬೇಕು. ಗಂಜಿ ಹಾಕಿದ ಮೇಲೆ ಅರ್ಧ ತಾಸಾದರೂ ನೆಟ್ಟಗೆ ಕೂರಿಸಬೇಕು, ಆದ್ದರಿಂದ ಸ್ಟ್ರೆಚರ್ ಬದಲು ಗಾಲಿಕುರ್ಚಿ ಕೇಳಿ. ಆ ಹಾಲ್‌ನಲ್ಲಿ ಮಂದಿಯ ಮುಂದೆ ಅಪ್ಪನಿಗೆ ಸಿರಿಂಜಿನಿಂದ ಗಂಜಿ ಹಾಕುವಾಗ ಅವನು ಮುಖ ಆ ಕಡೆ ತಿರುಗಿಸಿಕೊಂಡ. ನಲವತ್ತು ವರ್ಷ ಪಂಚಾಯ್ತಿ ಕಟ್ಟೆಯಲ್ಲಿ ನಾಲ್ಕು ಜನರ ಜಗಳ ಬಗೆಹರಿಸಿದ ಮನುಷ್ಯ.

"ಇದು ಸೇಫ್ ಐತೇನ್ರಿ ಸರ?" ಅಂತ ಕೇಳಿದೆ.

"ಯಾರಿಗೆ ಸೇಫ್ ಅಂತ ಕೇಳ್ರಿ" ಅಂದರು ಡಾಕ್ಟರು.

ಅವರು ವಿವರಿಸಿದ್ದು ನನ್ನ ತಲೆಯಲ್ಲಿ ಇನ್ನೂ ಹಾಗೇ ಇದೆ. ಪ್ರಯೋಗಗಳಲ್ಲಿ ದೊಡ್ಡ ತೊಂದರೆ ಕಂಡಿಲ್ಲ ಅಂದರೆ, ಆ ಪ್ರಯೋಗಕ್ಕೆ ಆರಿಸಿಕೊಂಡ ಜನರಿಗೆ ತೊಂದರೆ ಆಗಿಲ್ಲ ಅಂತ ಅರ್ಥ. ಆ ಜನ ಎದ್ದು ನಿಲ್ಲುವವರು, ಹೇಳಿದ್ದು ತಿಳಿಯುವವರು, ಉರಿದರೆ ಉರಿಯುತ್ತದೆ ಅಂತ ಹೇಳಬಲ್ಲವರು. ಫಿಟ್ಸ್ ಬಂದವರನ್ನು, ಹತೋಟಿಗೆ ಬಾರದ ಬಿಪಿ-ಶುಗರ್ ಇದ್ದವರನ್ನು, ಪೇಸ್‌ಮೇಕರ್‌ನಂಥ ಯಂತ್ರ ಒಳಗಿದ್ದವರನ್ನು, ಬಾಯಲ್ಲಿ ಹುಣ್ಣು ಇದ್ದವರನ್ನು ಮೊದಲೇ ಬಿಟ್ಟಿರುತ್ತಾರೆ. ಕ್ಯಾನ್ಸರ್ ಇದ್ದರೆ, ಇರಬಹುದು ಅನ್ನುವ ಸಂಶಯ ಇದ್ದರೂ ಬೇಡ. ನಿಕ್ಕಲ್, ಚಿನ್ನ, ತಾಮ್ರಕ್ಕೆ ಅಲರ್ಜಿ ಇದ್ದವರಿಗೂ ಬೇಡ, ಏಕೆಂದರೆ ನಾಲಿಗೆಗೆ ತಾಗುವ ಬಿಂದುಗಳಲ್ಲಿ ಆ ಲೋಹಗಳಿವೆ. "ನಿಮ್ಮ ತಂದಿಯವರು ಆ ಗುಂಪಿನ್ಯಾಗ ಬರ್ತಾರೇನು ಮೊದಲ ನೋಡೂಣು" ಅಂದರು.

ಇನ್ನೊಂದು ಮಾತನ್ನೂ ಅವರೇ ಹೇಳಿದರು. ತಲೆಗೆ ಪೆಟ್ಟು ಬಿದ್ದು ಸಮತೋಲನ ಕಳೆದುಕೊಂಡವರಿಗೆ ಇದೇ ಯಂತ್ರವನ್ನು ಬಳಸುವ ಅರ್ಜಿಯನ್ನು 2019ರಲ್ಲಿ ಎಫ್‌ಡಿಎ ಒಪ್ಪಲಿಲ್ಲ. ಪ್ರಯೋಗದಲ್ಲಿ ಒಂದು ಗುಂಪಿಗೆ ಹೆಚ್ಚಿನ ಮಿಡಿತ, ಇನ್ನೊಂದಕ್ಕೆ ಕಡಿಮೆ ಮಿಡಿತ ಕೊಟ್ಟಿದ್ದರು. ವ್ಯಾಯಾಮ ಇಬ್ಬರಿಗೂ ಒಂದೇ. ಎರಡೂ ಗುಂಪು ಸುಧಾರಿಸಿದವು. ಹಾಗಾದರೆ ಗುಣ ಯಂತ್ರದ್ದೋ ವ್ಯಾಯಾಮದ್ದೋ ಅಂತ ಬೇರ್ಪಡಿಸಿ ತೋರಿಸಲು ಆಗಲಿಲ್ಲ. ತಮ್ಮನ ಮುಖ ಇಳಿಯಿತು. ನನಗೆ ಮಾತ್ರ ಒಂದು ಧೈರ್ಯ ಬಂತು. ಎರಡೂ ಕಡೆ ಇದ್ದ ಆ ವ್ಯಾಯಾಮ ನಮ್ಮ ಕೈಯಲ್ಲೂ ಇದೆಯಲ್ಲ!

ಕಾಗದ ನೋಡುತ್ತಾ ಡಾಕ್ಟರು ಒಂದು ಗುಳಿಗೆಯ ಹೆಸರಿನ ಮೇಲೆ ಬೆರಳಿಟ್ಟರು. ಲೆವೆಟಿರಾಸಿಟಮ್. "ಇದು ಫಿಟ್ಸಿನ ಗುಳಿಗಿ. ಯಾಕ ಚಾಲೂ ಮಾಡ್ಯಾರ?" ನಮಗೆ ಗೊತ್ತಿರಲಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದಕ್ಷರ ಇರಲಿಲ್ಲ. ಮೊದಲು ಸೇರಿಸಿದ್ದ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಅರ್ಜಿ, ಅಪ್ಪನ ಆಧಾರ್ ನಕಲು, ಮಗಳು ಅನ್ನುವುದಕ್ಕೆ ನನ್ನ ಆಧಾರ್, ಅಪ್ಪನ ಎಡಗೈ ಹೆಬ್ಬೆರಳಿನ ಗುರುತು ಹಾಕಿದ ಒಪ್ಪಿಗೆ ಪತ್ರ ಕೊಟ್ಟು ಕಾದೆವು. ಇವತ್ತು ಬನ್ನಿ, ನಾಳೆ ಬನ್ನಿ ಅನ್ನುತ್ತಾ ಸುಮಾರು ದಿನ ಕಳೆಯಿತು. ಕೊನೆಗೆ ಸಿಕ್ಕ ನರ್ಸ್ ಬರಹದಲ್ಲಿ ಐಸಿಯುನಲ್ಲಿದ್ದಾಗ ಬಲಗೈ ಒಂದೇ ಸಮನೆ ಅದುರಿದ್ದು, ಗುಳಿಗೆ ಶುರು ಮಾಡಿದ್ದು ಬರೆದಿತ್ತು. ಡಿಸ್ಚಾರ್ಜ್ ದಿನವೇ ಪ್ರತಿ ಗುಳಿಗೆ ಯಾಕೆ ಅಂತ ಕೇಳಿ ಪಕ್ಕದಲ್ಲಿ ಬರೆಸಿಕೊಳ್ಳಿ. ಈ ಓಡಾಟ ನಿಮಗೆ ಉಳಿಯುತ್ತದೆ.

ಫಿಟ್ಸ್ ಅಂತ ತಿಳಿದಾಗಲೇ ಯಂತ್ರದ ಮಾತು ಮುಕ್ಕಾಲು ಮುಗಿದಿತ್ತು. ಆದರೆ ಬಾಯಿ ತಪಾಸಣೆಗೆ ಅಷ್ಟರಲ್ಲಿ ಹೆಸರು ಬರೆಸಿ ಆಗಿತ್ತು, ಹೋದೆವು. ಹೋದದ್ದು ಅಪ್ಪನ ಪುಣ್ಯ.

ಅಪ್ಪ ಹರೆಯದಿಂದ ಎಲೆ-ಅಡಿಕೆ-ತಂಬಾಕು ಹಾಕುವವನು. ದವಡೆಯ ಒಂದೇ ಕಡೆ ಒತ್ತಿಡುವ ರೂಢಿ. ಹಲ್ಲಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಕೈಗವಸಿನ ಬೆರಳಿನಿಂದ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ಸವರಿ ಸುಮ್ಮನಾದರು. ನಾಲಿಗೆಯ ಎಡ ಅಂಚಿನಲ್ಲಿ ಬಿಳಿ ಪೊರೆಯಂಥ ಮಚ್ಚೆ. ಒರೆಸಿದರೆ ಹೋಗುತ್ತಿರಲಿಲ್ಲ. ಬಯಾಪ್ಸಿ ಬೇಕು, ಅಂದರೆ ಸಣ್ಣ ತುಣುಕು ತೆಗೆದು ಕ್ಯಾನ್ಸರ್ ಇದೆಯಾ ಅಂತ ನೋಡಬೇಕು ಅಂದರು. ಅಪ್ಪ ರಕ್ತ ತೆಳ್ಳಗಾಗುವ ಗುಳಿಗೆ ತೆಗೆದುಕೊಳ್ಳುತ್ತಿದ್ದ. ಹಲ್ಲಿನವರು ನ್ಯೂರಾಲಜಿಸ್ಟ್ ಪತ್ರ ಇಲ್ಲದೆ ಮುಟ್ಟಲಾರೆವು ಅಂದರು. ಮತ್ತೆ ಚೀಟಿ, ಮತ್ತೆ ಪಾಳಿ. ಗುಳಿಗೆ ನಿಲ್ಲಿಸಬೇಡಿ, ನಿಲ್ಲಿಸಿದರೆ ಇನ್ನೊಂದು ಸಲ ಲಕ್ವಾ ಹೊಡೆಯುವ ಅಪಾಯ ಇದೆ, ಸಣ್ಣ ತುಣುಕು ತೆಗೆದು ಒತ್ತಿ ಹಿಡಿದು ಹೊಲಿಗೆ ಹಾಕಿ ಅಂತ ಅವರು ಬರೆದುಕೊಟ್ಟರು. ಇದನ್ನು ದಯವಿಟ್ಟು ನೆನಪಿಡಿ: ಹಲ್ಲು ಕೀಳುವುದಿರಲಿ, ಬಯಾಪ್ಸಿ ಇರಲಿ, ಊರಿನ ಯಾರದೋ ಮಾತಿಗೆ ಆ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ.

ವರದಿಗೆ ಕಾದ ದಿನಗಳಲ್ಲಿ ಅವ್ವ ಎಲೆಡಬ್ಬಿ ಒಯ್ದು ಹಿತ್ತಲಿನಲ್ಲಿ ಸುರಿದಳು. ಅಪ್ಪ ನೋಡುತ್ತಾ 'ಬ್ಯಾಡ, ಬ್ಯಾಡ' ಅಂದ. ಸುರಿಯಬೇಡ ಅಂದನೋ, ಇನ್ನು ತನಗೆ ಬೇಡ ಅಂದನೋ ತಿಳಿಯಲಿಲ್ಲ. ಲಕ್ವಾದ ಮೇಲೆ ಕ್ಯಾನ್ಸರ್ ಅಂತ ಬಂದರೆ ಏನು ಮಾಡುವುದು ಅಂತ ನಾನು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಾ ಹೇಳಿಸುತ್ತಾ ನಡುವೆ ನಿಂತುಬಿಡುತ್ತಿದ್ದೆ. ವರದಿ ಬಂತು. ಕ್ಯಾನ್ಸರ್ ಇಲ್ಲ, ಆದರೆ ಜೀವಕೋಶಗಳಲ್ಲಿ ಬದಲಾವಣೆ ಶುರುವಾಗಿದೆ. ತಂಬಾಕು ಪೂರ್ತಿ ಬಿಡಬೇಕು, ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಎಲ್ಲ ಸೇರಿ ಎರಡು ಸಾವಿರದ ಆಸುಪಾಸು ಖರ್ಚಾಯಿತು. ಆ ಸೆಂಟರಿನಲ್ಲಿ ಮುಂಗಡ ಕೊಟ್ಟಿದ್ದರೆ ಇದೇ ಮಚ್ಚೆಯ ಮೇಲೆ ಕರೆಂಟ್ ಪಟ್ಟಿ ಕೂರುತ್ತಿತ್ತು. ನಮ್ಮ ಕಡೆ ತಂಬಾಕು, ಗುಟ್ಕಾ ಹಾಕದ ಮನೆ ಕಡಿಮೆ. ಬಾಯಿಗೆ ಸಂಬಂಧಿಸಿದ ಯಾವ ಥೆರಪಿಗೂ ಮೊದಲು ಹಲ್ಲಿನವರಿಂದ ಪೂರ್ತಿ ಬಾಯಿ ನೋಡಿಸುವುದು ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಉಳಿದವರಿಗಿಂತ ಹೆಚ್ಚು ಅಗತ್ಯ ಅಂತ ನನಗೆ ಅನ್ನಿಸುತ್ತದೆ.

ನುಂಗುವ ಪರೀಕ್ಷೆ ಮಾಡಿದ್ದು ಸ್ಪೀಚ್ ಥೆರಪಿಸ್ಟ್. ಮಾತು ಕಲಿಸುವವರೇ ನುಂಗುವುದನ್ನೂ ನೋಡುತ್ತಾರೆ ಅಂತ ನಮಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ವಯಸ್ಸಿನಲ್ಲಿ ಸಣ್ಣ ಹುಡುಗಿ, ಆದರೆ ಅಪ್ಪನ ಮುಂದೆ ಮಂಡಿಯೂರಿ ಕೂತು "ಅಜ್ಜಾರ, ನಾಲಿಗಿ ಹೊರಗ ತಗೀರಿ" ಅಂತ ಅವಳು ಕೇಳಿದ ಕೂಡಲೇ ಅಪ್ಪ ಪ್ರಯತ್ನ ಮಾಡಿದ. ಐಸ್ ನೀರಲ್ಲಿ ಅದ್ದಿದ ಚಮಚವನ್ನು ನಾಲಿಗೆಯ ಎಡಕ್ಕೆ ತಾಗಿಸಿದಾಗ ಕಣ್ಣು ಅರಳಿಸಿದ. ಬಲಕ್ಕೆ ತಾಗಿಸಿದಾಗ ಏನೂ ಇಲ್ಲ. ಆ ಅರ್ಧ ನಾಲಿಗೆಗೆ ಸ್ಪರ್ಶವೇ ಸರಿಯಾಗಿ ತಿಳಿಯುತ್ತಿರಲಿಲ್ಲ. ನಾಲಿಗೆಯ ಯಂತ್ರದಲ್ಲಿ ಕರೆಂಟನ್ನು ಎಷ್ಟಕ್ಕೆ ಇಡಬೇಕು ಅನ್ನುವುದನ್ನು ರೋಗಿಯೇ ತನಗೆ ಅನಿಸುವ ಜುಮುಜುಮು ನೋಡಿ ಹೇಳಬೇಕು. ಅನಿಸಿಕೆಯೂ ಇಲ್ಲ, ಹೇಳಲು ಮಾತೂ ಇಲ್ಲ ಅಂದರೆ ಅದನ್ನು ಯಾರು ನಿರ್ಧರಿಸಬೇಕು?

ಆಮೇಲೆ ಅವಳು ಹೇಳಿದ್ದು ನಾನು ಎಲ್ಲೂ ಓದಿರದ ಮಾತು. ನಾಲಿಗೆಗೆ ಕರೆಂಟ್ ಕೊಡುವ ಯಂತ್ರಗಳ ಸಾಮಾನ್ಯ ತೊಂದರೆಗಳೆಂದರೆ ಜುಮುಜುಮು, ಬಾಯಲ್ಲಿ ಲೋಹದ ರುಚಿ, ಹಲ್ಲು ಜುಮ್ಮೆನ್ನುವುದು, ದವಡೆ ಬಿಗಿಯುವುದು, ಜೊಲ್ಲು ಹೆಚ್ಚಾಗುವುದು. ಗೊರಕೆ ಮತ್ತು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಹಗಲು ಹೊತ್ತು ನಾಲಿಗೆಯ ಸ್ನಾಯುವಿಗೆ ಕರೆಂಟ್ ಕೊಡುವ ಬೇರೊಂದು ಯಂತ್ರಕ್ಕೆ 2021ರಲ್ಲೇ ಎಫ್‌ಡಿಎ ಅನುಮತಿ ಕೊಟ್ಟಾಗಲೂ ಇದೇ ಪಟ್ಟಿ ಕೊಟ್ಟಿತ್ತು. ಗಟ್ಟಿಮುಟ್ಟಾದವರಿಗೆ ಇವೆಲ್ಲ ಸಣ್ಣವು. "ಅಕ್ಕಾರ, ಅಜ್ಜಾರು ತಮ್ಮ ಜೊಲ್ಲನ್ನ ನುಂಗಾಕ ಒದ್ದಾಡಾಕತ್ತಾರ. ಮಷಿನ್ ಇಟ್ಟು ಅದನ್ನ ಹೆಚ್ಚ ಮಾಡಿದ್ರ ಅದು ಎಲ್ಲಿಗೆ ಹೋಗ್ಬೇಕ್ರಿ?" ಅಂದಳು. ಶ್ವಾಸಕೋಶಕ್ಕೆ. ಅಲ್ಲಿಂದ ನ್ಯುಮೋನಿಯಾ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದಾಗಲೂ ತೆಳ್ಳನೆಯ ನೀರು ಉಸಿರಿನ ದಾರಿಗೆ ಜಾರುತ್ತಿದ್ದದ್ದು ಪರದೆಯ ಮೇಲೆ ಕಂಡಿತು. ಅಪ್ಪ ಕೆಮ್ಮಲೂ ಇಲ್ಲ. ಕೆಮ್ಮಲಿಲ್ಲ ಅಂದರೆ ಸರಿಯಾಗಿ ಇಳಿಯಿತು ಅಂತ ತಿಳಿಯಬೇಡಿ. ಕುಡಿದ ಮೇಲೆ ದನಿ ನೀರು ತುಂಬಿದ ಹಾಗೆ ಗುಳುಗುಳು ಅಂದರೆ, ಸಂಜೆ ಹೊತ್ತು ಸಣ್ಣ ಜ್ವರ ಬಂದರೆ ಕೂಡಲೇ ತೋರಿಸಿ.

ಅಲ್ಲಿಗೆ ನಾಲಿಗೆಯ ಕರೆಂಟ್ ಬೇಡ ಅಂತ ಮನೆಯವರೆಲ್ಲ ಒಪ್ಪಿದೆವು. ತಮ್ಮನಿಗೆ ಒಪ್ಪುವುದು ಕಷ್ಟವಾಯಿತು. ಏನನ್ನೋ ಕೈಬಿಟ್ಟ ಹಾಗೆ ಅವನಿಗೆ ಅನ್ನಿಸುತ್ತಿತ್ತು. ಅವನನ್ನು ನಾನು ದೂರುವುದಿಲ್ಲ, ಅಪ್ಪನ ಮಾತು ಕೇಳುವ ಆಸೆ ನನಗಿಂತ ಅವನಿಗೇ ಹೆಚ್ಚು.

ಆಮೇಲೆ ಮಾಡಿದ್ದು ಹೇಳಲು ಸಣ್ಣದು, ಮಾಡಲು ದೊಡ್ಡದು. ದಿನಕ್ಕೆ ಮೂರು ಹೊತ್ತು ಬಾಯಿ ಸ್ವಚ್ಛ ಮಾಡುವುದು, ನಳಿಗೆಯಲ್ಲಿ ಊಟ ಕೊಡುವಾಗಲೂ. ಕೊಳೆಯಾದ ಬಾಯಿಯ ಜೊಲ್ಲು ಒಳಗೆ ಹೋದರೆ ಅದೇ ವಿಷ. ನಾಲಿಗೆಯನ್ನು ಚಮಚದ ಹಿಂಬದಿಗೆ ಒತ್ತಿಸುವುದು, ಗಲ್ಲವನ್ನು ಎದೆಯ ಕಡೆ ತಂದು ನುಂಗಿಸುವುದು, ಥೆರಪಿಸ್ಟ್ ಹೇಳಿದ ಗಟ್ಟಿತನಕ್ಕೆ ಜೋಳದ ಅಂಬಲಿ ಕಾಯಿಸುವುದು. ಗಲ್ಲ ತಗ್ಗಿಸುವುದು ಎಲ್ಲರಿಗೂ ಹೊಂದುವುದಿಲ್ಲವಂತೆ, ಪರೀಕ್ಷೆ ಮಾಡಿದವರು ಹೇಳಿದರೆ ಮಾತ್ರ ಮಾಡಿ. ಥೆರಪಿಗೆ ಸಲಕ್ಕೆ ನಾನೂರು ರೂಪಾಯಿ, ಕಾರಿಗೆ ಅದರ ಐದಾರು ಪಟ್ಟು. ಅದಕ್ಕೇ ವ್ಯಾಯಾಮವನ್ನೆಲ್ಲ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಮನೆಯಲ್ಲಿ ಅವ್ವ ಮಾಡಿಸುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಹೋಗಿ ತೋರಿಸುತ್ತಿದ್ದೆವು. ನಡೆಯುವ ಅಭ್ಯಾಸಕ್ಕೆ ಊರಿನ ಫಿಸಿಯೋಥೆರಪಿಸ್ಟ್ ಮನೆಗೇ ಬರುತ್ತಿದ್ದರು.

ಶ್ರಾವಣ ಶುರುವಾಗುವ ಹೊತ್ತಿಗೆ ಮತ್ತೆ ಕ್ಯಾಮೆರಾ ಪರೀಕ್ಷೆ ಮಾಡಿ ನಳಿಗೆ ತೆಗೆದರು. ಮೊದಲ ದಿನ ಅಪ್ಪ ಮೆತ್ತಗೆ ಬೇಯಿಸಿದ ನುಚ್ಚನ್ನು ಮಜ್ಜಿಗೆ ಹಾಕಿ ಕಲಸಿ ಕೊಟ್ಟರೆ ತಿನ್ನಲು ಬಹಳ ಹೊತ್ತು ತೆಗೆದುಕೊಂಡ, ಬಟ್ಟಲು ಮಾತ್ರ ಖಾಲಿ ಮಾಡಿದ. ನೀರು ಈಗಲೂ ಗಟ್ಟಿ ಮಾಡಿಯೇ ಕೊಡುತ್ತೇವೆ. ಕೋಲು ಹಿಡಿದು ಅಂಗಳ ದಾಟುತ್ತಾನೆ. ಮಾತು ಹತ್ತಿಪ್ಪತ್ತು ಬಂದಿವೆ, ನನ್ನ ಹೆಸರು ಇನ್ನೂ ಬಂದಿಲ್ಲ, ಎತ್ತಿನ ಹೆಸರು ಬಂದಿದೆ.

ಬಾಯಿಯ ಮುಂದಿನ ತಪಾಸಣೆ ದಸರಾ ಆದಮೇಲೆ. ನಾಲಿಗೆಯ ಯಂತ್ರದ ಮಾತನ್ನು ಮುಂದೆ ಯಾವಾಗಲಾದರೂ ಎತ್ತಬಹುದಾ ಅಂತ ತಮ್ಮ ಕೇಳಿದಾಗ ಡಾಕ್ಟರು ಇಲ್ಲ ಅನ್ನಲಿಲ್ಲ. ಲಕ್ವಾಕ್ಕೆ ಅಂತ ಅನುಮತಿ ಇರುವ ಯಂತ್ರ ಕಣ್ಣೆದುರು ಇರಬೇಕು, ಆ ಮಚ್ಚೆ ಶಾಂತವಾಗಿದೆ ಅನ್ನುವ ವರದಿ ಇರಬೇಕು, ನುಂಗುವುದು ಪೂರ್ತಿ ಸರಿಯಾಗಿರಬೇಕು, ಫಿಟ್ಸಿನ ಭಯ ಇಲ್ಲ ಅಂತ ತಾವೇ ಬರೆದುಕೊಡುವ ಹಾಗಿರಬೇಕು, ಆಗ ಕೇಳಿ ಅಂದರು. ಆ ನಾಲ್ಕನ್ನೂ ಅಪ್ಪನ ಫೈಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅದರ ಹಿಂದೆ ನರ್ಸ್ ಬರಹದ ನಕಲು, ಬಯಾಪ್ಸಿ ವರದಿ, ಗುಳಿಗೆಗಳ ಪಟ್ಟಿ ಇವೆ. ನೀವೂ ಈ ದಾರಿಯಲ್ಲಿದ್ದರೆ ಇವಿಷ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಚೀಟಿ ಮಾಡಿಸಿ.